ಇಳಿದ ಕಾರಣ

ಅರ್ಧ ಹೊಗೆಕೊಳವೆ ಹತ್ತಿದ್ದವನು ಬಣ್ಣದ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ಇಳಿದುಬಂದು ಕಚೇರಿಯ ಬೆಂಚಿನ ಮೇಲೆ ಕುಳಿತುಬಿಟ್ಟ. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಉಡ ಅಂತ. ಗೋಡೆ ಹಿಡಿದರೆ ಬಿಡುವ ಆಸಾಮಿಯಲ್ಲ. ಇಪ್ಪತ್ತೆರಡು ವರ್ಷದಲ್ಲಿ ಕೆಲಸ ಮುಗಿಸದೆ ಇಳಿದದ್ದು ಇದೇ ಮೊದಲು.

“ಹೆದರಿ ಇಳಿದ ಅಂತ ಬರ್ಕೊಳ್ಳಿ ಅಕ್ಕ,” ಎಂದರು ಮೇಸ್ತ್ರಿ, ಗುಮಾಸ್ತೆಯ ರಿಜಿಸ್ಟರಿನಲ್ಲಿ ‘ಇಳಿದ ಕಾರಣ’ ಎಂಬ ಖಾಲಿ ಸಾಲಿನ ಮೇಲೆ ಬೆರಳಿಟ್ಟು. “ಮುಖ ನೋಡಿ, ಕಳೇನೇ ಇಲ್ಲ.”

ಗುಮಾಸ್ತೆಯ ಕೈ ಮುಂದಕ್ಕೆ ಹೋಗಲಿಲ್ಲ. ಹೆದರಿದ ಅಂತ ಬರೆದರೆ ಮುಗಿಯಿತು, ಹತ್ತುವವರ ಪಟ್ಟಿಯಿಂದ ಹೆಸರು ಹೋಯಿತು, ನಾಳೆಯಿಂದ ಉಡನ ಕೈಗೆ ಪೊರಕೆ. ಮುಗಿಲು ಮುಟ್ಟಿ ಬರುವವನು ಅಂಗಳ ಗುಡಿಸುವುದೇ? ಅಯ್ಯೋ, ಅವಳ ಕಣ್ಣಿಂದ ನೋಡಲಾಗದು. ಕನ್ನಡ ಮೇಷ್ಟರ ಮಗಳಲ್ಲವೇ, ಹುಡುಕಿದರೆ ಒಂದು ಹಳೆಯ ಮಾತು ಸಿಕ್ಕೇ ಸಿಗುತ್ತದೆ. ಬರೆದಳು: ‘ಎದೆಗುಂದಿ ಇಳಿದನು.’

“ಇದೇನ್ ಅಕ್ಕ, ನಮ್ಮಜ್ಜನ ಕಾಲದ ಮಾತು! ಎರಡೂ ಒಂದೇ ಅಲ್ವಾ?”

“ಎಲ್ಲಿ ಒಂದೇ? ಹೆದರೋಕೆ ಯಾರಾದ್ರೂ ಹೆದರ್ತಾರೆ. ಜಿರಲೆ ಕಂಡ್ರೆ ನೀವೂ ಹೆದರ್ತೀರಿ. ಎದೆಗುಂದಬೇಕಾದ್ರೆ ಮೊದಲು ಧೈರ್ಯ ಅಂತ ಒಂದು ಇರಬೇಕು. ಇದ್ದದ್ದು ಕಡಿಮೆಯಾದಾಗ ಹೇಳೋ ಮಾತು ಅದು. ಹೇಡಿಗೆ ಕಡಿಮೆಯಾಗೋಕೆ ಏನಿರುತ್ತೆ ಹೇಳಿ?”

“ಅಳುಕಿದ ಅಂದ್ರೆ?”

“ಅಳುಕೋನು ಅಳುಕ್ತಾನೇ ಹತ್ತಿಬಿಡ್ತಾನೆ. ಇಳಿಯಲ್ಲ.”

ಮೇಸ್ತ್ರಿ ತಲೆ ಕೆರೆದುಕೊಂಡರು. “ನಿಮ್ಮ ವ್ಯಾಕರಣ ನಿಮಗಿರಲಿ. ಎದೆಗುಂದಿದೋನ ಹೆಸರು ಪಟ್ಟೀಲಿ ಇರಬೇಕೋ, ತೆಗೀಬೇಕೋ? ಅದೊಂದು ಹೇಳಿ.”

ಅವಳಿಗೆ ಅಪ್ಪ ಅರ್ಥ ಹೇಳಿಕೊಟ್ಟಿದ್ದರು, ಎದೆಗುಂದಿದವನನ್ನು ಏನು ಮಾಡಬೇಕು ಅಂತ ಹೇಳಿಕೊಟ್ಟಿರಲಿಲ್ಲ.

“ಅದೂ ಅಲ್ಲ ಅಕ್ಕ,” ಎಂದ ಉಡ ಬೆಂಚಿನಿಂದ.

ಅವಳಿಗೆ ಸಿಟ್ಟೇ ಬಂತು. ಯಾರಿಗಾಗಿ ಇಷ್ಟು ಒದ್ದಾಡುತ್ತಿದ್ದಾಳೆ ಇವಳು? “ತಲೆ ಸುತ್ತಿತಾ?”

“ಇಲ್ಲ.”

“ಮನೇಲಿ ಜಗಳವಾ?”

“ಅದು ದಿನಾ ಇದ್ದದ್ದೇ.”

“ಮತ್ತೆ ಬಾಯಿ ಬಿಟ್ಟು ಹೇಳಬಾರದೇನಪ್ಪ!”

ಉಡ ತನ್ನ ಅಂಗೈಗಳನ್ನೇ ನೋಡುತ್ತ ಹೇಳಿದ. “ಸೇರಿದ ದಿನದಿಂದ ಹೆದರ್ಕೊಂಡೇ ಹತ್ತಿದೀನಿ ಅಕ್ಕ. ಒಂದು ದಿನಾನೂ ತಪ್ಪಿಲ್ಲ. ಆ ಹೆದರಿಕೆಗೇ ಪ್ರತಿ ಮೆಟ್ಟಿಲಿಗೂ ಕೈ ತಾನಾಗೇ ಬೆಲ್ಟಿನ ಕೊಕ್ಕೆ ಹಾಕ್ತಿತ್ತು. ಇವತ್ತು ಅರವತ್ತನೇ ಮೆಟ್ಟಿಲಲ್ಲಿ ನೋಡ್ತೀನಿ, ಶಿಳ್ಳೆ ಹಾಕ್ತಾ ಇದೀನಿ. ಹೆದರಿಕೆ ಅನ್ನೋದೇ ಇಲ್ಲ. ಬೆಲ್ಟಿನ ಕೊಕ್ಕೆ ಸೊಂಟದಲ್ಲೇ ನೇತಾಡ್ತಿದೆ. ಕೆಳಗಿಂದ ಒಂದೇ ಒಂದು ಸಲಾನೂ ಸಿಕ್ಕಿಸೇ ಇಲ್ಲ.”

ಗುಮಾಸ್ತೆ ಬರೆದದ್ದನ್ನು ಹೊಡೆದುಹಾಕಿದಳು. ಇದಕ್ಕೆ ಯಾವ ಮಾತು ಬರೆಯುವುದು? ಅಪ್ಪನ ಕಾಲದ್ದು, ಅಜ್ಜನ ಕಾಲದ್ದು, ಒಂದೂ ಹೊಳೆಯಲಿಲ್ಲ.

“ನಾಳೆ ಹತ್ತುತೀಯೇನೋ?” ಎಂದು ಮೆಲ್ಲಗೆ ಕೇಳಿದಳು.

“ಬೆಳಗ್ಗೆ ನಿಂತು ಮೇಲೆ ನೋಡ್ತೀನಿ ಅಕ್ಕ,” ಎಂದ ಉಡ. “ಹೆದರಿಕೆ ಆದ್ರೆ ಹತ್ತುತೀನಿ.”