ಎರ್ಲಿಂಡಾಳ ಸಹಿ

"ಮೊದಲ ಸಹಿ ನಿಮ್ದೇ ಆಗ್ಲಿ, ಎರ್ಲಿಂಡಾ ಅಕ್ಕ," ಎಂದು ಪಾಸ್ಟರ್ ಎಲಿಸೆಯೊ ಪೆನ್ನು ಚಾಚಿದಾಗ ಸಭೆಯೆಲ್ಲ ನಕ್ಕಿತು. ಅರವತ್ತಾರನೇ ವಯಸ್ಸಿನಲ್ಲಿ ಅಕ್ಷರ ಕಲಿತ ಮೇಲೆ ಆಕೆ ತನ್ನ ಹೆಸರು ಬರೆಯದೆ ಬಿಟ್ಟ ಜಾಗವೇ ಇರಲಿಲ್ಲ: ಬೈಬಲ್ಲು, ಕೊಡೆ, ತೋರ್ತಿಯಾ ರೊಟ್ಟಿಯ ಬುಟ್ಟಿ, ಕೊನೆಗೆ ಚರ್ಚಿನ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಕೂಡ.

"ಕುರ್ಚಿ ಮೇಲೆ ಬರೆದಷ್ಟು ದೊಡ್ಡದಾಗಿ ಬರೀಬೇಡಿ, ನಮಗೂ ಜಾಗ ಬೇಕು!" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

ಆಕೆ ಮನವಿಪತ್ರದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ಮದುವೆಯಾಗದಂತೆ ಗ್ವಾಟೆಮಾಲಾದ ಸಂಸತ್ತು ಕಾನೂನು ತರಬೇಕು ಎಂದಿತ್ತು. "ಓದೋದೇನೂ ಬೇಡ ಅಕ್ಕ, ಸಹಿ ಹಾಕಿದ್ರೆ ಸಾಕು," ಎಂದರು ಪಾಸ್ಟರ್ ಮೆತ್ತಗೆ. ಆಕೆಯ ಗಂಡ ಸತ್ತಾಗ ಒಂಬತ್ತು ದಿನ ಮನೆಗೆ ಊಟ ಹೊತ್ತು ತಂದವರು ಅವರು. ಅವರ ಮಾತನ್ನು ಆಕೆ ಇದುವರೆಗೆ ಮೀರಿದವಳಲ್ಲ.

ಆಕೆಯ ಕಣ್ಣು ಬಾಗಿಲ ಬಳಿಯ ಕುರ್ಚಿಗೆ ಹೋಯಿತು. ಅಲ್ಲಿ ಮೇಷ್ಟ್ರು ವಿಲ್ಮರ್ ತಲೆ ತಗ್ಗಿಸಿ ಕೂತಿದ್ದ. ಬೇಕರಿಯ ನೆರಿ ಎಂಬ ಗಂಡಸಿನ ಜೊತೆ ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿ ಬಾಳುತ್ತಿದ್ದವನು. ಆಕೆಯ ಕೈ ಹಿಡಿದು ಆಕೆಯ ಹೆಸರಿನ ಮೊದಲ ಅಕ್ಷರ ಬರೆಸಿದವನೂ ಅವನೇ.

ಎರ್ಲಿಂಡಾ ಪೆನ್ನನ್ನು ಮೇಜಿನ ಮೇಲಿಟ್ಟಳು. "ನಂಗೆ ಬರೆಯೋಕೆ ಬರಲ್ಲ, ಪಾಸ್ಟರೇ."

ಯಾರೂ ನಗಲಿಲ್ಲ. ಪಾಸ್ಟರ್ ಅಕ್ಷರ ಬಾರದವರಿಗೆಂದು ತಂದಿದ್ದ ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಮುಂದೆ ಸರಿಸಿದರು.

ಎರ್ಲಿಂಡಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.