ಬೇವಿನೊಳಗಿನ ಮೊಳೆ

ಬೇವಿನ ಮರದ ಹೊಟ್ಟಿನ ಕಹಿ ವಾಸನೆ ಬಂದರೆ ಇವತ್ತಿಗೂ ನಾನು ಕೂತಲ್ಲಿ ಕೂರಲಾರೆ.

ಹರಿಹರದ ನಮ್ಮ ಮನೆ ಮುಂದಿನ ಬೇವನ್ನು ಉರುಳಿಸಿದಾಗ ನೆಟ್ಟನೆಯ ದಿಮ್ಮಿಗಳೆಲ್ಲ ದಾವಣಗೆರೆಗೆ ಹೋದವು. ಗಂಟುಗಂಟಾದ ಒಂದು ತುಂಡು ಮಾತ್ರ, ಲೇತಿನಲ್ಲಿ ಮರದ ಬಟ್ಟಲು ಕಡೆಯುತ್ತಿದ್ದ ಅಪ್ಪನಿಗೆ ಉಳಿಯಿತು. ಆ ಗಂಟಿನ ಹತ್ತಿರವೇ, ಐದಾರು ವರ್ಷ ಹಿಂದೆ ಟೀಚರಾಟ ಆಡುವಾಗ, ಸ್ಲೇಟು ತೂಗುಹಾಕಲು ನಾನೊಂದು ಮೊಳೆ ಹೊಡೆದಿದ್ದೆ. ಅಪ್ಪನ ಡಬ್ಬಿಯಿಂದ ಕದ್ದ ಮೊಳೆ. ಮರ ಅದನ್ನು ನುಂಗಿಕೊಂಡು ಬೆಳೆದಿತ್ತು.

ಲೇತು ತಿರುಗತೊಡಗಿತು. ನಾನು ಬಾಗಿಲಿಗೆ ಹೋದೆ, ಬಂದೆ, ನೀರು ಕುಡಿದೆ, ಮತ್ತೆ ಹೋದೆ. ಹೇಳಲು ಬಾಯಿ ಬರಲಿಲ್ಲ.

“ಒಂದ್ ಕಡೆ ನಿಂದ್ರಾಕ ಆಗಲ್ಲೇನು ನಿಂಗೆ?” ಅಂದ ಅಪ್ಪ.

ಅಷ್ಟರಲ್ಲಿ ಕಿಡಿ ಹಾರಿತು. ಉಳಿ ಪುಟಿದು ಅವನ ಹುಬ್ಬು ಸೀಳಿತು.

ಅಪ್ಪ ಇಕ್ಕಳದಿಂದ ಮೊಳೆ ಕಿತ್ತು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನನ್ನ ಕಡೆ ನೋಡಲಿಲ್ಲ.

ಹುಬ್ಬಿಗೆ ಅರಿಶಿನ ಒತ್ತುತ್ತ ಅಮ್ಮ ಅಂದಳು, “ಆ ದರಿದ್ರ ತುಂಡು ಒಲೆಗೆ ಹಾಕ್ರಿ.”

“ಬ್ಯಾಡ. ಮರದ ತಪ್ಪೇನೈತೆ?”

ಅಪ್ಪ ಮತ್ತೆ ಲೇತು ಹಾಕಿದ. ಮೊಳೆಯ ತೂತನ್ನು ಮುಚ್ಚದೆ ಬಟ್ಟಲು ಮುಗಿಸಿ, ತಂದು ನನ್ನ ಕೈಗೇ ಕೊಟ್ಟ. ಅದಿನ್ನೂ ಬಿಸಿಯಾಗಿತ್ತು.