ನಿಂತಾಗಲೂ ತಂಪು

"ಬಿಟ್ಟು ಹೋಗೋಕಾಗಲ್ಲ ಅಣ್ಣಾ," ಎಂದು ಅವಳು ಮೂರನೇ ಸಲ ಹೇಳಿದಾಗ ಏಸಿ ಮೆಕ್ಯಾನಿಕ್‌ಗೆ ಅನುಮಾನ ಬಂತು.

ಇಪ್ಪತ್ತು ವರ್ಷದ ಹಳೇ ಕಾರು. ಬಣ್ಣ ಸುಲಿದು ಬಾನೆಟ್ಟು ತೊನ್ನು ಹತ್ತಿದಂತಿತ್ತು. ಇಂಥ ಗಾಡಿಯನ್ನು ಕೀ ಸಮೇತ ರಸ್ತೆಯಲ್ಲಿ ನಿಲ್ಲಿಸಿದರೂ ಕಳ್ಳ ಮೂಸಿ ನೋಡಲಾರ. ಇವಳು ಮಾತ್ರ ಒಂದು ರಾತ್ರಿ ಶೆಡ್ಡಿನಲ್ಲಿ ಬಿಡಲು ಒಪ್ಪುತ್ತಿಲ್ಲ.

"ಓಡಿಸ್ಕೊಂಡು ಬರುವಾಗ ತಣ್ಣಗಿತ್ತು ತಾನೆ?"

"ಓಡುವಾಗ ಪರವಾಗಿಲ್ಲ. ನಿಂತ ತಕ್ಷಣ ಬಿಸಿಗಾಳಿ. ನನಗೆ ನಿಂತಾಗ ಬೇಕು."

"ಕಾರಿರೋದೇ ಓಡೋಕೆ. ನಿಂತಲ್ಲೇ ತಂಪು ಬೇಕು ಅನ್ನೋರು ಮನೇಲಿ ಕೂತ್ಕೋಬೇಕಪ್ಪ."

ಅವನು ನಕ್ಕ. ಅವಳು ನಗಲಿಲ್ಲ.

ಹಿಂದಿನ ಸೀಟಿನಲ್ಲಿ ಅವಳ ತಾಯಿ ಕಾಲು ಮಡಚಿ ಒರಗಿದ್ದರು. ಮುಖ ಕೆಂಡವಾಗಿತ್ತು. ಮುಂಗೈಯಲ್ಲಿ ಸೂಜಿ ಚುಚ್ಚಿದ ಕಡೆ ಹತ್ತಿ ಇನ್ನೂ ಅಂಟಿಕೊಂಡಿತ್ತು.

"ಬಿಸಿಲು ಬಡಿದು ಎರಡು ಸಲ ಬಿದ್ದಿದ್ದಾರೆ," ಎಂದಳು ಮಗಳು ತಗ್ಗಿದ ದನಿಯಲ್ಲಿ. "ಇನ್ನೊಂದು ಸಲ ಬಿದ್ರೆ ಕಷ್ಟ ಅಂದ್ರು ಡಾಕ್ಟರು. ಹಗಲೆಲ್ಲ ತಂಪಾದ ಕಡೆ ಮಲಗಿಸಿ ಅಂದ್ರು."

"ನೀವು ನೋಡಿದ್ರೆ ಸುಡು ಬಿಸಿಲಲ್ಲಿ ಮೆರವಣಿಗೆ ಮಾಡಿಸ್ತಿದ್ದೀರಿ. ಮನೆ ಎಲ್ಲಿ?"

"ಇಲ್ಲೇ."

"ಇಲ್ಲೇ ಅಂದ್ರೆ?"

ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

ಒಳಗಿನ ಫಿಲ್ಟರ್ ನೋಡಲೆಂದು ಅವನು ಮುಂದಿನ ಬಾಗಿಲು ತೆರೆದು ಒಂದು ಕಾಲಿಟ್ಟ.

"ಅಣ್ಣಾ, ಚಪ್ಪಲಿ ಬಿಟ್ಟು ಬನ್ನಿ."

ಡಬ್ಬಾ ಗಾಡಿಗೆ ಅರಮನೆ ಮರ್ಯಾದೆ ಬೇರೆ, ಎಂದು ಗೊಣಗಿಕೊಂಡು ಚಪ್ಪಲಿ ಕಳಚಿದ. ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆಗೆದರೆ ಒಳಗೆ ಎರಡು ಹಲ್ಲುಜ್ಜುವ ಬ್ರಷ್ಷು, ಸೋಪಿನ ಡಬ್ಬಿ, ಬಾಚಣಿಗೆ, ಮಡಚಿಟ್ಟ ಆಸ್ಪತ್ರೆಯ ಚೀಟಿ. ಹಿಂದೆ ಡಿಕ್ಕಿಯ ಮುಚ್ಚಳ ಪೂರ್ತಿ ಕೂತಿರಲಿಲ್ಲ. ಅಷ್ಟು ಸಾಮಾನು ತುರುಕಿತ್ತು.

ಅವನಿಗೆ ಎಲ್ಲ ಅರ್ಥವಾಯಿತು. ಇದು ಓಡಿಹೋಗುವವರ ಸಾಮಾನು. ಕಾರು ಯಾರದೋ. ಮುದುಕಿಯನ್ನು ಆಸ್ಪತ್ರೆಯಿಂದ ಹೇಳದೆ ಕೇಳದೆ ಎಬ್ಬಿಸಿಕೊಂಡು ಬಂದಿದ್ದಾಳೆ. ಆಸ್ತಿಗೆ ಹೆಬ್ಬೆಟ್ಟು ಒತ್ತಿಸುವ ಮಕ್ಕಳ ಕಥೆ ಅವನು ಬೇಕಾದಷ್ಟು ಕೇಳಿದ್ದ. ಮುದುಕಿಯ ಬಾಯಿ ಬಿಡಿಸೋಣವೆಂದು ಕಿಟಕಿಗೆ ಬಗ್ಗಿದ.

"ಅಮ್ಮಾ, ಎಲ್ಲಿಗೆ ಹೊರಟಿದ್ದೀರಿ?"

"ಎಲ್ಲಿಗೂ ಇಲ್ಲಪ್ಪ," ಎಂದರು ಅವರು. "ಬಿಸಿಲಲ್ಲಿ ನಿಂತು ಮಾತಾಡ್ತೀಯಲ್ಲ, ಒಳಗೆ ಬಾ. ನೀರು ಕುಡಿ. ಜಾಗ ಇಕ್ಕಟ್ಟು, ಹೊಂದಿಕೋ."

ಜ್ವರ ತಲೆಗೇರಿರಬೇಕು ಎಂದುಕೊಂಡ.

ಬಾನೆಟ್ಟು ಎತ್ತಿದ. ಗ್ಯಾಸು ಸಾಕಷ್ಟಿತ್ತು. ಆದರೆ ಮುಂದಿನ ಕಂಡೆನ್ಸರಿನ ಜಾಲರಿಯಲ್ಲಿ ಧೂಳು, ಸತ್ತ ಹುಳು, ಒಣಗಿದ ಎಲೆ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅದರ ಹಿಂದಿನ ಫ್ಯಾನು ತಿರುಗುತ್ತಲೇ ಇರಲಿಲ್ಲ.

"ಓಡುವಾಗ ಎದುರುಗಾಳಿ ಬಡಿದು ಈ ಜಾಲರಿ ಆರುತ್ತೆ. ನಿಂತಾಗ ಫ್ಯಾನೇ ಗತಿ. ಅದು ಸತ್ತಿದೆ. ಹೊಸದು ನಾಳೆ ಸಂಜೆ ಬರುತ್ತೆ. ಆಟೋ ಕರೀತೀನಿ, ಅಮ್ಮನನ್ನ ಕರ್ಕೊಂಡು ಹೋಗಿ."

"ಬೇಡ. ಇವತ್ತೇ ಆಗ್ಬೇಕು. ಸರಿಹೋದ್ರೆ ನಿಂತಲ್ಲೇ ಎಷ್ಟು ಹೊತ್ತು ಹಾಕಬಹುದು? ಮೂರು ಗಂಟೆ?"

"ಮೂರು ಗಂಟೆ ನಿಂತ ಕಾರಲ್ಲಿ ಕೂತು ಯಾವ ಸಿನಿಮಾ ನೋಡ್ತೀರಿ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಮುದುಕಿಯ ನರಳಾಟ ಕೇಳಿಬಂತು, ತಟ್ಟನೆ ನಿಂತುಹೋಯಿತು.

"ಅಮ್ಮಾ. ಅಮ್ಮಾ, ಮಾತಾಡು. ಏನಾದ್ರೂ ಬೈಯಿ." ಅವಳು ಒದ್ದೆ ಬಟ್ಟೆಯನ್ನು ತಾಯಿಯ ಕತ್ತಿಗೆ, ಕಂಕುಳಿಗೆ ಒತ್ತತೊಡಗಿದಳು. ಬಟ್ಟೆ ಎರಡು ನಿಮಿಷದಲ್ಲಿ ಬಿಸಿಯಾಗುತ್ತಿತ್ತು. ಮತ್ತೆ ಅದ್ದುವಳು, ಮತ್ತೆ ಒತ್ತುವಳು.

ಮೆಕ್ಯಾನಿಕ್ ತನ್ನ ಟೇಬಲ್ ಫ್ಯಾನನ್ನು ತಂದು ಕಾರಿನ ಬಾಗಿಲಿಗಿಟ್ಟ. ಕಳ್ಳಿಯೋ ಸುಳ್ಳಿಯೋ, ಆಮೇಲೆ ನೋಡೋಣ. ಹಿತ್ತಲಲ್ಲಿ ಗುಜರಿಗೆ ಬಿದ್ದಿದ್ದ ಇನ್ನೊಂದು ಕಾರಿನಿಂದ ಫ್ಯಾನು ಕಿತ್ತ. ಬೋಲ್ಟಿನ ತೂತು ಹೊಂದಲಿಲ್ಲ, ಹೊಸದು ಕೊರೆದ. ಪೈಪು ಹಿಡಿದು ಜಾಲರಿ ತೊಳೆದಾಗ ಕೆಸರು ನೀರು ಹಳ್ಳವಾಗಿ ಹರಿಯಿತು. ಕೈ ಸುಟ್ಟಿತು. ನಿಲ್ಲಿಸಲಿಲ್ಲ.

"ಶುರು ಮಾಡಿ."

ಎಂಜಿನ್ನು ಗುರುಗುಟ್ಟಿತು. ಫ್ಯಾನು ಒಮ್ಮೆ ತಡವರಿಸಿ ತಿರುಗಿತು. ಅವನು ಗಾಳಿಕಿಂಡಿಗೆ ಬೆರಳಿಟ್ಟ. ಬಿಸಿ. ಉಗುರುಬೆಚ್ಚಗೆ. ಆಮೇಲೆ, ನಿಂತಲ್ಲೇ ನಿಂತ ಆ ಮುದಿ ಕಾರು, ಬಾವಿಯ ತಳದಿಂದ ಬಂದಂಥ ಗಾಳಿಯನ್ನು ಉಸಿರಾಡಿತು.

ಕಿಟಕಿ ಏರಿಸಿದರು. ಕಾಲು ಗಂಟೆಯ ಮೇಲೆ ಮುದುಕಿ ಕಣ್ಣು ತೆರೆದರು.

"ಏನೇ ಇದು, ಕಾಲಿಗೆ ಚಳಿ ಕೊರೀತಿದೆ. ಏನಾದ್ರೂ ಹೊದಿಸೇ."

ಮಗಳು ಸ್ಟೇರಿಂಗಿಗೆ ಹಣೆಯಿಟ್ಟು ಅತ್ತಳು. ಅವನು ಅಳು ಮುಗಿಯುವವರೆಗೂ ಕಾದ. ನಂತರ ಕೈಚಾಚಿ ಎಂಜಿನ್ನು ಆರಿಸಿ, ಕೀಯನ್ನು ಜೇಬಿಗಿಳಿಸಿ, ಕೆಲಸದ ಕಾರ್ಡನ್ನು ಮುಂದೆ ಹಿಡಿದ.

"ಹೆಸರು, ಗಾಡಿ ನಂಬರು, ವಿಳಾಸ. ಮೂರೂ ನಿಜ ಬರೀರಿ. ಇಲ್ದಿದ್ರೆ ಪೊಲೀಸ್ ಬಂದ ಮೇಲೇ ಕೀ."

ಅವಳ ಮುಖ ಬಿಳಿಚಿತು. ಪೆನ್ನು ತೆಗೆದುಕೊಂಡು ತಾಯಿಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಸರಸರನೆ ಬರೆದು, ಗಾಡಿಯ ಕಾಗದಪತ್ರದ ಜೊತೆಗೆ ಕೊಟ್ಟು, ಮುಖ ಆಚೆ ತಿರುಗಿಸಿದಳು.

ಅವನು ಒಂದೊಂದಾಗಿ ತಾಳೆ ನೋಡಿದ. ಹೆಸರು ತಾಯಿಯದು, ಆಸ್ಪತ್ರೆಯ ಚೀಟಿಯಲ್ಲೂ ಗಾಡಿಯ ಕಾಗದದಲ್ಲೂ ಅದೇ. ಕಾರು ಮುದುಕಿಯ ಸ್ವಂತದ್ದೇ. ಗಾಡಿ ನಂಬರು ಸರಿಯಾಗಿತ್ತು.

ವಿಳಾಸದ ಜಾಗದಲ್ಲಿ ಅವಳು ಮತ್ತೊಮ್ಮೆ ಅದೇ ನಂಬರನ್ನು ಬರೆದಿದ್ದಳು.